ಅಪ್ಪ ಡ್ರಮ್ಸ್, ಅಣ್ಣ ಗಿಟಾರ್, ನಾನು ಬೇಸ್, ತಂಗಿ ಹಾಡು: ಲಯ ಓಡುತ್ತಿದೆ ಅಂತ ಅಪ್ಪನಿಗೆ ಹೇಗೆ ಹೇಳಲಿ?

ಪರ್ಸಿಮನೆ, ಕಲಬುರಗಿ

ನಮ್ಮದು ನಾಲ್ಕು ಜನರ ರಾಕ್ ಬ್ಯಾಂಡ್. ನಾಲ್ವರೂ ಒಂದೇ ಮನೆಯವರು. ಸೇಡಂ ರಸ್ತೆ ಕಡೆ ಮನೆ. ಮಾಳಿಗೆ ಮೇಲೆ ಒಂದು ಖೋಲಿ ಇದೆ, ಮೊದಲು ಅಲ್ಲಿ ತೊಗರಿ ಚೀಲ ಇಡುತ್ತಿದ್ದೆವು, ಈಗ ಅದೇ ನಮ್ಮ ಪ್ರಾಕ್ಟೀಸ್ ಜಾಗ.

ಅಪ್ಪ ಮದುವೆಗೆ ಮುಂಚೆ ಒಂದು ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದರು. ಗಣೇಶ ಹಬ್ಬ ಬಂತೆಂದರೆ ಮನೆ ಸೇರುತ್ತಿರಲಿಲ್ಲವಂತೆ, ಸೊಲ್ಲಾಪುರದ ತನಕ ಹೋಗಿ ಬಾರಿಸಿ ಬರುತ್ತಿದ್ದರಂತೆ. ಆಮೇಲೆ ನೌಕರಿ ಸಿಕ್ಕಿತು, ನಾವು ಹುಟ್ಟಿದೆವು, ಡ್ರಮ್ಸ್ ಅಟ್ಟ ಸೇರಿತು. ನಾವು ಸಣ್ಣವರಿದ್ದಾಗ ಊಟಕ್ಕೆ ಕೂತರೆ ಅಪ್ಪ ತಾಟಿನ ಅಂಚಿಗೆ ಬೆರಳಿನಿಂದ ಬಡಿಯುತ್ತಿದ್ದರು, ಯಾಕಂತ ಆಗ ಗೊತ್ತಿರಲಿಲ್ಲ. ಮೂರು ವರ್ಷದ ಹಿಂದೆ ಅಣ್ಣ ಮೊದಲ ಸಂಬಳದಲ್ಲಿ ಎಲೆಕ್ಟ್ರಿಕ್ ಗಿಟಾರ್ ತಂದ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಅಂಗಳದಲ್ಲಿ ಕೂತು ಡ್ರಮ್ಮಿನ ಜಂಗು ಒರೆಸುತ್ತಿದ್ದರು. ಯಾರೂ ಅವರಿಗೆ ಏನೂ ಹೇಳಿರಲಿಲ್ಲ. ನಮ್ಮ ಬ್ಯಾಂಡ್ ಶುರುವಾದದ್ದು ಹೀಗೆ.

ಈಗ ತೊಂದರೆ ಏನೆಂದರೆ ಅಪ್ಪನ ಲಯ ನಿಲ್ಲುವುದಿಲ್ಲ. ನಿಮಿಷಕ್ಕೆ 110 ಬೀಟ್‌ನಲ್ಲಿ ಎತ್ತಿಕೊಂಡ ಹಾಡು ಮುಗಿಯುವಾಗ 126ಕ್ಕೆ ಹೋಗಿರುತ್ತದೆ, ಫೋನಿನಲ್ಲಿ ಅಳೆದು ನೋಡಿದ್ದೇನೆ. ತಂಗಿಗೆ ಉಸಿರು ಸಾಲುವುದಿಲ್ಲ, ಕೊನೆಯ ಚರಣದ ಮಾತುಗಳು ಒಂದರ ಮೇಲೊಂದು ಬೀಳುತ್ತವೆ. ಹೊಡೆತವೂ ಜಾಸ್ತಿಯಾಗುತ್ತಾ ಹೋಗುತ್ತದೆ. ಹೋದ ತಿಂಗಳು ಅಣ್ಣ ಹಾಡಿನ ನಡುವೆಯೇ ಕೈ ಎತ್ತಿ ನಿಲ್ಲಿಸಿ "ಅಪ್ಪಾ, ನೀವು ಓಡ್ಲಕತ್ತೀರಿ" ಅಂದ. ಅಪ್ಪ ಕಡ್ಡಿ ಕೆಳಗಿಟ್ಟು ಸುಮ್ನೆ ಮೆಟ್ಟಿಲು ಇಳಿದು ಹೋದರು. ಎರಡು ವಾರ ಮಾಳಿಗೆಗೆ ಬರಲಿಲ್ಲ. ಅವ್ವ ನಮ್ಮಿಬ್ಬರಿಗೂ ಬೈದಳು.

ಫೆಬ್ರುವರಿಯಲ್ಲಿ ಬೀದರಿನ ಒಂದು ಕಾಲೇಜಿನಲ್ಲಿ 40 ನಿಮಿಷ ಬಾರಿಸಲು ಕರೆದಿದ್ದಾರೆ. ಅಣ್ಣ ಲ್ಯಾಪ್‌ಟಾಪಿನಲ್ಲಿ ಡ್ರಮ್ಸ್ ಹಾಕಿಕೊಂಡು ಮೂವರೇ ಹೋಗೋಣ ಅನ್ನುತ್ತಾನೆ. ನನಗೆ ಅದು ಆಗುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಅಪ್ಪನಿಗೆ ತಿರುಗಿ ಮಾತಾಡುವ ರೂಢಿಯೇ ಇಲ್ಲ. ಡ್ರಮ್ಸ್ ಹಿಂದೆ ಕೂತಾಗ ಅವರು ಅಪ್ಪನೋ, ಡ್ರಮ್ಮರೋ? ಯಾವ ಬಾಯಿಂದ ಹೇಳಲಿ? ಮನೆಯವರ ಜೊತೆ ಬಾರಿಸಿದವರು ಯಾರಾದರೂ ಇದ್ದರೆ ಹೇಳಿ.

ಕರಿಮನಿ ಕೀಬೋರ್ಡ್, ಬೀದರ್

ನಾನು, ನನ್ನ ಅಕ್ಕ, ನಮ್ಮ ಅವ್ವ ಐದು ವರ್ಷ ಜೊತೆಗೆ ಬಾರಿಸಿದ್ದೇವೆ. ಅವ್ವ ಕೀಬೋರ್ಡ್. ಭಜನೆಯ ಹಾರ್ಮೋನಿಯಂನಿಂದ ಬಂದ ಕೈ, ಆದ್ದರಿಂದ ಗಿಟಾರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಹಿಡಿದಲ್ಲೆಲ್ಲ ಅವ್ವ ಹಾಡಿನ ಸ್ವರವನ್ನೇ ಬಾರಿಸಿಬಿಡುತ್ತಿದ್ದಳು. ಹಾಡುವವಳು ನಾನು, ನನ್ನ ಜಾಗ ಹೋಗುತ್ತಿತ್ತು. ಒಂದು ದಿನ ಮನೆಗೆ ಬಂದ ನೆಂಟರ ಎದುರಿಗೇ "ನಿನಗೆ ಎಷ್ಟು ಸಲ ಹೇಳಬೇಕು" ಅಂದುಬಿಟ್ಟೆ. ನಾಲ್ಕು ತಿಂಗಳು ಅವ್ವ ಕೀಬೋರ್ಡ್ ಮುಟ್ಟಲಿಲ್ಲ. ಅದರ ಮೇಲೆ ಹಾಸಿದ್ದ ಬಟ್ಟೆ ಕೂಡ ಸರಿದಿರಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನಿಮ್ಮ ಅಣ್ಣ ಹೇಳಿದ್ದು ಸುಳ್ಳಲ್ಲ, ಹೇಳಿದ ಹೊತ್ತು ತಪ್ಪು. ಹಾಡಿನ ನಡುವೆ ನಿಲ್ಲಿಸಿ ದೊಡ್ಡವರ ಹೆಸರು ಹಿಡಿದರೆ ಅದು ತಾಳದ ಮಾತಾಗಿ ಉಳಿಯುವುದಿಲ್ಲ, ಮರ್ಯಾದೆಯ ಮಾತಾಗುತ್ತದೆ.

ನಮಗೆ ಉಪಯೋಗಕ್ಕೆ ಬಂದದ್ದು ರೆಕಾರ್ಡಿಂಗ್. ಫೋನನ್ನು ಖೋಲಿಯ ಬಾಗಿಲ ಹತ್ತಿರ ಇಟ್ಟು ಪೂರ್ತಿ ಪ್ರಾಕ್ಟೀಸ್ ತುಂಬಿಸಿಕೊಳ್ಳಿ. ಅವತ್ತೇ ಕೇಳಬೇಡಿ. ಎರಡು ಮೂರು ದಿನ ಬಿಟ್ಟು, ಊಟ ಆದ ಮೇಲೆ ಎಲ್ಲರೂ ಕೂತು ಕೇಳಿ. ಬಾರಿಸುವಾಗ ಮೈಯಲ್ಲಿ ಬಿಸಿ ಇರುತ್ತದೆ, ಎಲ್ಲ ಸರಿ ಅನಿಸುತ್ತದೆ. ಮೂರು ದಿನದ ಮೇಲೆ ಅದೇ ಹಾಡು ಬೇರೆಯವರು ಬಾರಿಸಿದಂತೆ ಕೇಳಿಸುತ್ತದೆ. ಕೇಳುವಾಗ ಯಾರೂ ಯಾರ ಹೆಸರನ್ನೂ ಹೇಳಬಾರದು. "ಎರಡನೇ ಚರಣ ಅವಸರವಾಯಿತು" ಅನ್ನಬಹುದು, "ಅಪ್ಪ ಅವಸರ ಮಾಡಿದರು" ಅನ್ನಬಾರದು. ಮತ್ತೆ ಮೊದಲು ನಿಮ್ಮ ತಪ್ಪು ನೀವು ಹೇಳಿ. ನಾನು ನನ್ನ ಶ್ರುತಿ ಇಳಿದದ್ದನ್ನು ಹೇಳಿದ ದಿನವೇ ಅವ್ವ "ಇಲ್ಲಿ ನಾನು ಜಾಸ್ತಿ ಬಾರಿಸೀನಿ, ಅಲ್ವಾ?" ಅಂತ ತಾನೇ ಕೇಳಿದಳು.

ಲ್ಯಾಪ್‌ಟಾಪ್ ಬೇಡ. ಒಂದೇ ಮನೆಯಲ್ಲಿ ಬೆಳೆದವರು ಅಕ್ಷರ ಎಳೆಯುವ ರೀತಿ, ಉಸಿರು ತಗೊಳ್ಳುವ ಜಾಗ ಎಲ್ಲ ಒಂದೇ ಆಗಿರುತ್ತದೆ. ಅಕ್ಕ ತಂಗಿ ಸೇರಿ ಹಾಡಿದರೆ ದನಿ ಬೆಸೆದುಕೊಳ್ಳುವುದು ಅದಕ್ಕೇ. ಅದನ್ನು ನೀವು ಹೊರಗಿಂದ ತರುವುದಕ್ಕೆ ಆಗುವುದಿಲ್ಲ.

ನಾಲ್ಕು ತಂತಿ

ನಾನು ಲೈವ್ ಸೌಂಡ್ ಕೆಲಸ ಮಾಡುತ್ತೇನೆ, ಕಲಬುರಗಿಯಲ್ಲೇ. ಲಯದ ಮಾತು ಆಮೇಲೆ ಆಡೋಣ, ಮೊದಲು ಅಪ್ಪನ ಕಿವಿ ತೋರಿಸಿ.

ನೀವು ಬರೆದದ್ದರಲ್ಲಿ ನನಗೆ ಕಣ್ಣಿಗೆ ಬಿದ್ದದ್ದು "ಹೊಡೆತವೂ ಜಾಸ್ತಿಯಾಗುತ್ತದೆ" ಅನ್ನುವ ಮಾತು. ಉಳಿದವರು ಕೇಳಿಸದಿದ್ದಾಗ ಡ್ರಮ್ಮರ್ ಹೀಗೇ ಮಾಡುತ್ತಾನೆ. ಸ್ನೇರ್ ಡ್ರಮ್, ಹೈಹ್ಯಾಟ್ ಅನ್ನುವ ಜೋಡಿ ತಾಳತಟ್ಟೆ ಎರಡೂ ಅವನ ಕಿವಿಗೆ ಬಹಳ ಹತ್ತಿರ ಇರುತ್ತವೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುವುದು ಕಿವಿಯ ಸುರಕ್ಷತೆಯ ಲೆಕ್ಕ. ಮೇಲೆ 3 ಡೆಸಿಬೆಲ್ ಏರಿದಂತೆಲ್ಲ ಆ ಹೊತ್ತು ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100 ಮುಟ್ಟಿದರೆ ಬರೀ 15 ನಿಮಿಷ. ಸಣ್ಣ ಖೋಲಿಯಲ್ಲಿ ಡ್ರಮ್ಸ್ 100 ದಾಟುವುದು ದೊಡ್ಡ ಮಾತಲ್ಲ. ನಿಮ್ಮ ಅಪ್ಪ ಆರ್ಕೆಸ್ಟ್ರಾ ಕಾಲದಲ್ಲಿ ಕಿವಿಗೆ ಏನೂ ಹಾಕದೆ ಎಷ್ಟು ರಾತ್ರಿ ಬಾರಿಸಿದ್ದಾರೋ. ಸದ್ದಿನಿಂದ ಆಗುವ ಕಿವುಡು ಮೊದಲು ತಿನ್ನುವುದು ಸಾಮಾನ್ಯವಾಗಿ 4000 ಹರ್ಟ್ಜ್ ಸುತ್ತಿನ, ಅಂದರೆ ಮೇಲಿನ ಸ್ವರದ ಚೂಪು ಸದ್ದುಗಳ ಜಾಗವನ್ನು. ಮಾತಿನಲ್ಲಿ ಸ, ಚ, ತ ಸ್ಪಷ್ಟವಾಗಿ ಕೇಳಬೇಕೆಂದರೆ ಮೇಲಿನ ಸದ್ದುಗಳೇ ಬೇಕು. ಹೋದದ್ದು ಮರಳಿ ಬರುವುದಿಲ್ಲ, ಆದರೆ ಇದ್ದದ್ದನ್ನು ಉಳಿಸಿಕೊಳ್ಳಬಹುದು. ಕಿವಿ ಡಾಕ್ಟರ ಹತ್ತಿರ ಆಡಿಯೋಗ್ರಾಮ್, ಅಂದರೆ ಯಾವ ಸದ್ದು ಎಷ್ಟು ಕೇಳುತ್ತದೆ ಅಂತ ಗೆರೆ ಎಳೆದು ತೋರಿಸುವ ಪರೀಕ್ಷೆ, ಮಾಡಿಸಿ. ನಾಲ್ವರೂ ಮಾಡಿಸಿಕೊಳ್ಳಿ, ಆಗ ಅಪ್ಪ ಒಬ್ಬರನ್ನೇ ಕರೆದೊಯ್ದಂತೆ ಆಗುವುದಿಲ್ಲ.

ಮೆತ್ತನೆಯ ಫೋಮ್ ತುಂಡು ಕಿವಿಗೆ ಹಾಕಿದರೆ ಮೇಲಿನ ಸದ್ದು ಜಾಸ್ತಿ ಕತ್ತರಿಸಿ ಎಲ್ಲ ಮಬ್ಬಾಗುತ್ತದೆ. ಸಂಗೀತಗಾರರಿಗೆಂದೇ ಇರುವ ಇಯರ್‌ಪ್ಲಗ್ ಎಲ್ಲ ಸ್ವರಗಳನ್ನೂ ಹೆಚ್ಚು ಕಡಿಮೆ ಸಮನಾಗಿ ತಗ್ಗಿಸುತ್ತದೆ, ಅದನ್ನೇ ತನ್ನಿ.

ಇನ್ನು ಆ ಖೋಲಿ. ಕೆಳಗೆ ಶಹಾಬಾದ್ ಪರ್ಸಿ, ಮೇಲೆ ಸ್ಲ್ಯಾಬ್, ನಾಲ್ಕೂ ಕಡೆ ಬೋಳು ಗೋಡೆ ಇರಬೇಕು, ಅಲ್ವಾ? ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಟರ್ರ್ ಅಂತ ಮರುದನಿ ಬಂದರೆ ಅದರಲ್ಲಿ ಯಾರಿಗೂ ಯಾರ ತಾಳವೂ ಸರಿಯಾಗಿ ಕೇಳುವುದಿಲ್ಲ. ತೊಗರಿ ಚೀಲ ಇದ್ದಾಗ ಅದೇ ಖೋಲಿ ಚೆನ್ನಾಗಿತ್ತು ಅಂತ ನನ್ನ ಅಂದಾಜು. ಹಳೆ ಕೌದಿಗಳನ್ನು ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಮುಂದೆ ಹಗ್ಗಕ್ಕೆ ಇಳಿಬಿಡಿ. ಡ್ರಮ್ಸ್ ಕೆಳಗೆ ದಪ್ಪ ಜಮಖಾನ ಹಾಸಿ. ಇದರಿಂದ ಒಳಗಿನ ಗದ್ದಲ ತಗ್ಗುತ್ತದೆ, ಪಕ್ಕದ ಮನೆಗೆ ಹೋಗುವ ಸದ್ದು ಮಾತ್ರ ತಗ್ಗುವುದಿಲ್ಲ, ಅದು ಗೊತ್ತಿರಲಿ. ವಸತಿ ಜಾಗದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ ಅಂತ 2000ದ ಶಬ್ದಮಾಲಿನ್ಯ ನಿಯಮದಲ್ಲಿದೆ, ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಬೇಸಿಗೆಯಲ್ಲಿ ನಮ್ಮೂರ ಸ್ಲ್ಯಾಬ್ ಕೆಳಗೆ ಹಗಲು ಕೂರಲು ಆಗುವುದಿಲ್ಲ, ಆದ್ದರಿಂದ ಸಂಜೆ 7ರಿಂದ 9 ಇಟ್ಟುಕೊಂಡು ಅಕ್ಕಪಕ್ಕದವರಿಗೆ ಮೊದಲೇ ಹೇಳಿಬಿಡಿ.

ಕೊನೆಯದಾಗಿ, ಅಣ್ಣನ ಗಿಟಾರ್ ಸದ್ದು ಜೋರು ಮಾಡುವ ಆಂಪ್ ನೆಲದ ಮೇಲೆ ಇದ್ದರೆ ಅದು ಅವನ ಮೊಣಕಾಲಿಗೆ ಹಾಡುತ್ತಿರುತ್ತದೆ. ಕುರ್ಚಿಯ ಮೇಲೆ ಎತ್ತಿ ಅಪ್ಪನ ಕಡೆ ತಿರುಗಿಸಿ. ತಂಗಿಯ ದನಿಗೆ ಒಂದು ಸಣ್ಣ ಸ್ಪೀಕರ್ ಅಪ್ಪನ ಪಕ್ಕ ಇಡಿ.

ದಮ್ಮಡಿ, ಸುರಪುರ ತಾಲ್ಲೂಕು

ನಾನು ರಾಕ್ ಬಾರಿಸುವವನಲ್ಲ. ನಮ್ಮದು ಭಜನಾ ಮೇಳ, ಕಾಕಾ, ಅಪ್ಪ, ನಾನು, ನನ್ನ ತಮ್ಮ. ಅಮಾವಾಸ್ಯೆಗೆ ಮಠದಲ್ಲಿ ತತ್ವಪದ ಹಾಡುತ್ತೇವೆ. ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ. ಆದರೂ ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ನಮ್ಮ ಕಡೆ ಪದ ಏರಬೇಕು. ಮೊದಲು ನಿಧಾನ, ಒಂದೊಂದು ಅಕ್ಷರ ಕೇಳುವಂತೆ. ಪಲ್ಲವಿ ಮತ್ತೆ ಮತ್ತೆ ಬಂದಂತೆ ನಡೆ ಬಿಗಿಯಾಗುತ್ತದೆ, ಕಡೆಗೆ ಕೂತವರು ಎದ್ದು ನಿಲ್ಲಬೇಕು. ಎತ್ತಿದ ನಡೆಯಲ್ಲೇ ಇಳಿಸಿದರೆ "ಪದ ಏಳಲಿಲ್ಲ" ಅನ್ನುತ್ತಾರೆ ಹಿರಿಯರು. ಮೊಹರಂನಲ್ಲಿ ಹಲಗೆ ಹಿಂದೆ ಹೆಜ್ಜೆ ಹಾಕಿದವರಿಗೂ ಇದು ಗೊತ್ತು. ನಿಮ್ಮ ಅಪ್ಪ ಇದೇ ನೆಲದಲ್ಲಿ ಬೆಳೆದವರು. ಅವರಿಗೆ ಏರುವುದು ತಪ್ಪಲ್ಲ, ಅದೇ ಹಾಡು.

ಆದರೆ ನಮ್ಮಲ್ಲಿ ಏರುವುದಕ್ಕೆ ಒಂದು ಕಟ್ಟು ಇದೆ. ಕಾಕಾ ತಾಳ ಎತ್ತಿ ತೋರಿಸುತ್ತಾರೆ, ಆಗ ಎಲ್ಲರೂ ಒಟ್ಟಿಗೆ ಏರುತ್ತೇವೆ. ಒಬ್ಬನೇ ಏರಿದರೆ ಉಳಿದವರು ಅವನ ಹಿಂದೆ ಓಡಬೇಕಾಗುತ್ತದೆ. ಆದ್ದರಿಂದ ಅಪ್ಪನಿಗೆ "ಓಡಬೇಡಿ" ಅನ್ನುವ ಬದಲು "ಎಲ್ಲಿ ಏರೋಣ?" ಅಂತ ಕೇಳಿ ನೋಡಿ. ಒಂದು ಹಾಡನ್ನು ಅವರಿಗೇ ಬಿಟ್ಟುಕೊಡಿ, ನಿಧಾನ ಶುರುವಾಗಿ ಅವರು ಕಣ್ಣು ಸನ್ನೆ ಮಾಡಿದಲ್ಲಿ ಏರಲಿ. ಉಳಿದ ಹಾಡುಗಳು ಒಂದೇ ನಡೆಯಲ್ಲಿ ಇರಲಿ.

ಹಳೆ ಕ್ಯಾಸೆಟ್

ಮೇಲಿನ ಮೂವರೂ ಚೆನ್ನಾಗಿ ಹೇಳಿದ್ದಾರೆ. ನಾನು ದುಡ್ಡಿನ ಮಾತು ಸೇರಿಸುತ್ತೇನೆ, ಏಕೆಂದರೆ ಬೀದರಿನ ಕಾಲೇಜು ಏನಾದರೂ ಕೊಡುತ್ತದೆ ಅಂತ ಕಾಣುತ್ತದೆ.

ಅಮೆರಿಕದ ಬೀಚ್ ಬಾಯ್ಸ್ ಬ್ಯಾಂಡ್ 1961ರಲ್ಲಿ ಶುರುವಾದದ್ದು ಮೂವರು ಅಣ್ಣತಮ್ಮಂದಿರು, ಒಬ್ಬ ಸೋದರ ಸಂಬಂಧಿ, ಒಬ್ಬ ಗೆಳೆಯ ಸೇರಿ. ಅಪ್ಪ ಮರ್ರಿ ವಿಲ್ಸನ್ ಅವರೇ ಮ್ಯಾನೇಜರ್. 1964ರಲ್ಲಿ ಮಕ್ಕಳು ಅವರನ್ನು ಆ ಕೆಲಸದಿಂದ ತೆಗೆದರು. 1969ರಲ್ಲಿ ಅಪ್ಪ ಹಾಡುಗಳ ಪ್ರಕಾಶನದ ಹಕ್ಕು ಮಾರಿಬಿಟ್ಟರು, ಹಿರಿಯ ಮಗನಿಗೆ ಅದು ಬಹಳ ನೋವು ಕೊಟ್ಟಿತು. ಇಂಗ್ಲೆಂಡಿನ ಬ್ಯಾಂಡ್ ಓಯಸಿಸ್‌ನ ಅಣ್ಣತಮ್ಮ 2009ರಲ್ಲಿ ಪ್ಯಾರಿಸ್‌ನಲ್ಲಿ ವೇದಿಕೆಯ ಹಿಂದೆ ಜಗಳ ಆಡಿ ಬೇರೆಯಾದವರು ಮತ್ತೆ ಒಂದೇ ವೇದಿಕೆ ಹತ್ತಿದ್ದು 2025ರಲ್ಲಿ. 16 ವರ್ಷ! ಇನ್ನೊಂದು ಕಡೆ ವ್ಯಾನ್ ಹೇಲನ್ ಬ್ಯಾಂಡ್ ನೋಡಿ. ಸಣ್ಣವರಿದ್ದಾಗ ಎಡ್ಡಿ ಡ್ರಮ್ಸ್, ಅವನ ಅಣ್ಣ ಅಲೆಕ್ಸ್ ಗಿಟಾರ್. ಆಮೇಲೆ ಇಬ್ಬರೂ ಅದಲುಬದಲು ಮಾಡಿಕೊಂಡರು, ಜಗತ್ತಿಗೆ ಒಬ್ಬ ದೊಡ್ಡ ಗಿಟಾರ್ ವಾದಕ ಸಿಕ್ಕ. ಮುಂದೆ ಎಡ್ಡಿ ತನ್ನ ಮಗನನ್ನೇ ಬೇಸ್‌ಗೆ ಕರೆದುಕೊಂಡ.

ಆದ್ದರಿಂದ ಬಂದ ದುಡ್ಡು ನಾಲ್ಕು ಸಮ ಪಾಲು, ಅಪ್ಪನಿಗೂ ಒಂದು ಪಾಲು, ಚೀಟಿಯಲ್ಲಿ ಬರೆದಿಡಿ. ಮನೆಯ ದುಡ್ಡೇ ಅಲ್ವಾ ಅಂತ ಬಿಡಬೇಡಿ. ತಂಗಿ ಚಿಕ್ಕವಳು ಅಂತ ಅವಳ ಪಾಲು ಕಡಿಮೆ ಮಾಡಬೇಡಿ. ಮತ್ತೆ ಒಂದು ಪ್ರಾಕ್ಟೀಸಿನಲ್ಲಿ ನೀವೂ ಅಪ್ಪನೂ ವಾದ್ಯ ಬದಲಿಸಿಕೊಂಡು ನೋಡಿ. ಬೇಸ್ ಹಿಡಿದವನಿಗೆ ಡ್ರಮ್ಸ್ ಓಡುವುದು ಹೇಗಿರುತ್ತದೆ ಅಂತ ಮಾತಿಲ್ಲದೆ ತಿಳಿಯುತ್ತದೆ.

ಪರ್ಸಿಮನೆ, ಕಲಬುರಗಿ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಮನಸಾರೆ ಧನ್ಯವಾದ.

ರೆಕಾರ್ಡಿಂಗ್ ಮಾಡಿ ಮೂರು ದಿನ ಬಿಟ್ಟು ಊಟ ಆದ ಮೇಲೆ ಹಾಕಿದೆ. ನಾನು ಮೊದಲು ನನ್ನ ಬೇಸ್ ತಪ್ಪಿದ ಎರಡು ಜಾಗ ಹೇಳಿದೆ. ಅಣ್ಣ ತನ್ನ ಸೋಲೋ ಉದ್ದವಾಯಿತು ಅಂದ. ಅಪ್ಪ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ತಂಗಿಯ ಕಡೆ ನೋಡಿ "ನೀ ಇಷ್ಟು ಛಲೋ ಹಾಡ್ತೀ ಅಂತ ನನಗ ಗೊತ್ತೇ ಇದ್ದಿಲ್ಲ" ಅಂದರು. ಮೂರು ವರ್ಷ ಒಂದೇ ಖೋಲಿಯಲ್ಲಿ ಬಾರಿಸಿದ್ದಾರೆ. ಡ್ರಮ್ಸ್ ಹಿಂದೆ ಕೂತರೆ ಅವರಿಗೆ ನನ್ನ ಬೇಸ್ ಹೊಟ್ಟೆಯಲ್ಲಿ ತಿಳಿಯುತ್ತಿತ್ತಂತೆ, ತಂಗಿಯ ಮಾತು ಒಂದೂ ಕೇಳುತ್ತಿರಲಿಲ್ಲವಂತೆ. ಹಾಡು ಎಲ್ಲಿಗೆ ಬಂತು ಅಂತ ಅಂದಾಜಿನ ಮೇಲೆ ಹೋಗುತ್ತಿದ್ದರಂತೆ. ತಂಗಿ ಎದ್ದು ಒಳಗೆ ಹೋಗಿ ಅತ್ತಳು.

ಕಿವಿ ತೋರಿಸಿದೆವು, ನಾಲ್ವರೂ. ಅಪ್ಪನ ಎಡಗಿವಿಯಲ್ಲಿ 4000ದ ಹತ್ತಿರ ಗೆರೆ ಕೆಳಗೆ ಇಳಿದಿದೆ. ಡಾಕ್ಟರು ಬಾರಿಸುವುದು ಬಿಡಿ ಅನ್ನಲಿಲ್ಲ, ಕಿವಿಗೆ ಹಾಕದೆ ಬಾರಿಸಬೇಡಿ ಅಂದರು. ಅಪ್ಪ ಇಯರ್‌ಪ್ಲಗ್ ಹಾಕಿಕೊಂಡು ಮೊದಲ ದಿನ ಬೇಜಾರು ಮಾಡಿಕೊಂಡರು, ಈಗ ತಾವೇ ಅಂಗಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಆಂಪ್ ಕುರ್ಚಿ ಮೇಲೆ ಬಂತು, ತಂಗಿಯ ದನಿಗೆ ಸ್ಪೀಕರ್ ಅಪ್ಪನ ಎಡಕ್ಕಲ್ಲ, ಬಲಕ್ಕೆ. 110ಕ್ಕೆ ಎತ್ತಿದ ಹಾಡು ನಿನ್ನೆ 113ಕ್ಕೆ ಮುಗಿಯಿತು.

ಸುರಪುರದವರೇ, ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. "ಇವರು ಯಾರು, ಕರೆಸು" ಅಂದರು. ಕೊನೆಯ ಹಾಡನ್ನು ಏರಲು ಬಿಟ್ಟಿದ್ದೇವೆ. 96ರಲ್ಲಿ ಶುರು, ಅಪ್ಪ ಕಡ್ಡಿ ಎತ್ತಿದಲ್ಲಿ ಏರಿಕೆ, ಕಡೆಗೆ 140. ಲ್ಯಾಪ್‌ಟಾಪಿನ ಮಾತು ಅಣ್ಣ ಮತ್ತೆ ಎತ್ತಿಲ್ಲ. ಕಡ್ಡಿ ಮೇಲೇಳುವ ಮೊದಲೇ ಅವನ ಕಣ್ಣು ಅಪ್ಪನ ಕೈ ಮೇಲೆ ಇರುತ್ತದೆ.

ಈ ಭಾನುವಾರ ಕೌದಿ ಕಟ್ಟುತ್ತೇವೆ. ಅವ್ವ ಎರಡು ತೆಗೆದು ಕೊಟ್ಟಿದ್ದಾಳೆ. ಮೂರನೆಯದು ಅಜ್ಜಿ ಹೊಲಿದದ್ದು, ಅದನ್ನು ಬೇಕಾದರೆ ಕೇಳಲು ಬರುವಾಗ ಹೊದ್ದುಕೊಂಡು ಬರುತ್ತೇನೆ, ಗೋಡೆಗೆ ಕೊಡುವುದಿಲ್ಲ ಅಂದಿದ್ದಾಳೆ.