ಕೆಲಸ, ಷೇರು, ಮನೆ: ಮೂರೂ ಒಂದೇ ಸಂಬಳದ ಮೇಲೆ ನಿಂತಾಗ

ಅಮೆರಿಕದಲ್ಲಿ ರಿಸೆಷನ್ (ಆರ್ಥಿಕ ಹಿಂಜರಿತ) ಬರುತ್ತಂತೆ, ಮನೆ ಬೆಲೆ ಇಳಿಯುವವರೆಗೆ ಕಾಯೋಣವಾ, ಇಲ್ಲ ಮಗಳು ಕಿಂಡರ್‌ಗಾರ್ಟನ್ ಸೇರುವ ಮೊದಲೇ ಒಳ್ಳೆ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಮನೆ ತಗೊಂಡುಬಿಡೋಣವಾ ಅಂತ ಕೇಳಿದ್ದೀರಿ. ಬೆಲೆ ಯಾವಾಗ ಇಳಿಯುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತು ಅನ್ನುವವರನ್ನು ನಂಬಲೂಬೇಡಿ. ಹಿಂದೆ ಷೇರು, ಮನೆ ಬೆಲೆ ಬಿದ್ದಾಗೆಲ್ಲ ಏಟು ಯಾರಿಗೆ ಜಾಸ್ತಿ ಬಿತ್ತು ಅಂತ ನೋಡಿದರೆ ಸ್ವಲ್ಪ ದಾರಿ ಕಾಣುತ್ತದೆ.

2000ದ ಮಾರ್ಚ್‌ನಲ್ಲಿ ನಾಸ್ಡಾಕ್, ಅಂದರೆ ಟೆಕ್ ಕಂಪನಿಗಳೇ ಹೆಚ್ಚಿರುವ ಷೇರು ಸೂಚ್ಯಂಕ, 5,000 ದಾಟಿತ್ತು. 2002ರ ಅಕ್ಟೋಬರ್‌ನಲ್ಲಿ 1,100ರ ಆಸುಪಾಸಿಗೆ ಬಂತು. ಮತ್ತೆ ಆ ಎತ್ತರ ಮುಟ್ಟಿದ್ದು 2015ರಲ್ಲಿ. ಇದೆಲ್ಲರಿಗೂ ಗೊತ್ತು. ಆಗ ಸ್ಟಾಕ್ ಆಪ್ಷನ್ (ಕಂಪನಿಯ ಷೇರನ್ನು ಮೊದಲೇ ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕು) ಇದ್ದವರ ಪಾಡು ಏನಾಯಿತು ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಆಪ್ಷನ್ ಬಳಸಿ ಕಂಪನಿ ಷೇರು ತಗೊಂಡರು, ಇನ್ನೂ ಏರುತ್ತದೆ ಅಂತ ಮಾರದೆ ಇಟ್ಟುಕೊಂಡರು. ತಗೊಂಡ ದಿನದ ಮಾರುಕಟ್ಟೆ ಬೆಲೆ ಹಿಡಿದು, ಕಾಗದದ ಮೇಲಿನ ಲಾಭಕ್ಕೇ ಎಎಂಟಿ ಅನ್ನುವ ತೆರಿಗೆ ಬಿತ್ತು. ಏಪ್ರಿಲ್‌ನಲ್ಲಿ ತೆರಿಗೆ ಕಟ್ಟುವ ಹೊತ್ತಿಗೆ ಷೇರಿಗೆ ಬೆಲೆಯೇ ಇರಲಿಲ್ಲ. ಕೈಗೆ ಬಾರದ ದುಡ್ಡಿಗೆ ತೆರಿಗೆ! ಉಳಿದ ಬಾಕಿ ಮನ್ನಾ ಆಗಿದ್ದು 2008ರಲ್ಲಿ, ಅದೂ ಬ್ಯಾಂಕುಗಳನ್ನು ಉಳಿಸಲು 700 ಬಿಲಿಯನ್ ಡಾಲರ್ ಎತ್ತಿಟ್ಟ ಅದೇ ಕಾಯ್ದೆಯಲ್ಲಿ. ಅಲ್ಲಿಯವರೆಗೆ ಆ ಕುಟುಂಬಗಳು ಹೇಗೆ ನಡೆಸಿದವೋ.

2008ರ ಕಥೆ ಮನೆಯದ್ದು. ಮೊದಲ ಎರಡು ಮೂರು ವರ್ಷ ಕಡಿಮೆ ಬಡ್ಡಿ, ಆಮೇಲೆ ಜಾಸ್ತಿ, ಆ ಥರದ ಸಾಲಗಳು. ಬೆಲೆ ಏರುತ್ತಿದ್ದಷ್ಟು ದಿನ ರೀಫೈನಾನ್ಸ್ ಮಾಡಿ, ಅಂದರೆ ಹೊಸ ಸಾಲ ತಗೊಂಡು ಹಳೆಯದನ್ನು ತೀರಿಸಿ, ತಪ್ಪಿಸಿಕೊಂಡರು. 2006ರಲ್ಲಿ ಏರಿಕೆ ನಿಂತಿತು, ದಾರಿಯೂ ಮುಚ್ಚಿತು. ಲಾಸ್ ವೇಗಸ್, ಫೀನಿಕ್ಸ್‌ನಲ್ಲಿ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. 2009ರ ಅಕ್ಟೋಬರ್‌ನಲ್ಲಿ ನಿರುದ್ಯೋಗ 10% ಮುಟ್ಟಿತು. ಆದರೂ ಫಿಕ್ಸೆಡ್ (ಬದಲಾಗದ) ಬಡ್ಡಿ ಇದ್ದು, ಕೆಲಸ ಉಳಿದವರು ಸುಮ್ನೆ ಅದೇ ಮನೆಯಲ್ಲಿದ್ದರು. ಮಕ್ಕಳ ಸ್ಕೂಲೂ ಬದಲಾಗಲಿಲ್ಲ. ಕೆಟ್ಟ ಹೊತ್ತಿನಲ್ಲಿ ಮಾರಲೇಬೇಕಾಗಿ ಬಂದವರು ಮುಳುಗಿದರು. ಮಾರಿದರೂ ಸಾಲ ತೀರುತ್ತಿರಲಿಲ್ಲ.

ನಮ್ಮಂಥವರಿಗೆ ಮಾರಲೇಬೇಕಾದ ಆ ಹೊತ್ತು ಬರಲು ರಿಸೆಷನ್ನೇ ಬೇಕಿಲ್ಲ. 2023ರಲ್ಲಿ ದೇಶದ ನಿರುದ್ಯೋಗ 4% ಕೂಡ ಇರಲಿಲ್ಲ, ಟೆಕ್ ಕಂಪನಿಗಳು ಮಾತ್ರ ಸಾವಿರಗಟ್ಟಲೆ ಜನರನ್ನು ತೆಗೆದವು. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿದ್ದರೆ, ಕೆಲಸ ಹೋದ ಮೇಲೆ ಬೇರೆ ದಾರಿ ನೋಡಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. 2017ಕ್ಕೆ ಮುಂಚೆ ಅದೂ ಇರಲಿಲ್ಲ.

ಹಾಗಾಗಿ ಡೌನ್ ಪೇಮೆಂಟ್‌ಗೆ (ಮನೆ ಕೊಳ್ಳುವಾಗ ಕೈಯಿಂದ ಮೊದಲೇ ಕಟ್ಟುವ ದುಡ್ಡಿಗೆ) ಅಂತ ಖಾತೆ ಖಾಲಿ ಮಾಡಬೇಡಿ. ಆರ್‌ಎಸ್‌ಯು, ಅಂದರೆ ಸಂಬಳದ ಜೊತೆ ಕಂಪನಿ ಕೊಡುವ ಷೇರು, ವೆಸ್ಟ್ ಆದ (ನಿಮ್ಮದಾದ) ದಿನವೇ ಆದಾಯ ಅಂತ ತೆರಿಗೆ ಬೀಳುತ್ತದೆ. ಅದೇ ದಿನ ಮಾರಿದರೆ, ಮಾರಿದ್ದಕ್ಕೆ ಅಂತ ಬೇರೆ ತೆರಿಗೆ ಹೆಚ್ಚುಕಡಿಮೆ ಇರುವುದಿಲ್ಲ. ಸಂಬಳ ಕೊಡುವ ಕಂಪನಿಯ ಮೇಲೆ ಉಳಿತಾಯವನ್ನೂ ಯಾಕೆ ಹೂಡಬೇಕು, ಅಲ್ವಾ? ಇನ್ನು ಮಗಳ ಸ್ಕೂಲ್ ವಿಷಯ. ಪಬ್ಲಿಕ್ ಸ್ಕೂಲ್‌ಗೆ ಬೇಕಿರುವುದು ಆ ಡಿಸ್ಟ್ರಿಕ್ಟ್‌ನ ವಿಳಾಸ, ಸ್ವಂತ ಮನೆಯಲ್ಲ. ಅಲ್ಲೇ ಬಾಡಿಗೆಗಿದ್ದರೂ ಸೇರಿಸಬಹುದು. ನಮ್ಮವರಲ್ಲಿ ಬಾಡಿಗೆ ಅಂದರೆ ಮೂಗು ಮುರಿಯುವವರೇ ಜಾಸ್ತಿ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಡೌನ್ ಪೇಮೆಂಟ್ ಕಟ್ಟಿದ ಮೇಲೆ ಕೈಯಲ್ಲಿ ಎಷ್ಟು ತಿಂಗಳ ಖರ್ಚು ಉಳಿಯುತ್ತದೆ? ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಯಾವ ಹಂತದಲ್ಲಿದೆ, ಇಬ್ಬರದೂ ಕೆಲಸ ಒಂದೇ ಕ್ಷೇತ್ರದಲ್ಲಾ? ಇಷ್ಟು ತಿಳಿಸಿದರೆ ಇಲ್ಲಿ ಮನೆ ತಗೊಂಡವರು, ಮಾರಿದವರು ಇನ್ನೂ ಸರಿಯಾಗಿ ಹೇಳಬಹುದು.