ಸಿದ್ಧಾಂತ ಬೇರೆ, ಗೆಳೆಯ ಹಳಬ: ನಿಮ್ಮ ಅನುಭವ ಹೇಳಿ

ಕೇಳಿದವರು, ದಾವಣಗೆರೆ

ಹಾಸ್ಟೆಲ್ ರೂಮ್‌ಮೇಟ್ ಒಬ್ಬನ ಜೊತೆ ಇಪ್ಪತ್ತೆರಡು ವರ್ಷದ ಸ್ನೇಹ. 2024ರ ಲೋಕಸಭಾ ಚುನಾವಣೆ ಹೊತ್ತಲ್ಲಿ ಅವನು ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದ. ನಾನು ಎಲ್ಲರೆದುರು "ತಲೇಲಿ ಏನಿದೆ ನಿಂಗೆ, ಸಗಣೀನಾ" ಅಂದೆ. ಗ್ರೂಪ್ ಬಿಟ್ಟು ಹೋದ. ಈಗ ಮನೆ ಕಟ್ಟಿಸಿದಾನೆ, ಗೃಹಪ್ರವೇಶದ ಕಾರ್ಡ್ ಹೆಂಡತಿ ಕೈಲಿ ಕಳಿಸಿದಾನೆ. ನನ್ನ ನಿಲುವು ಬಿಡಲಾರೆ. ಹೋಗಿ ಏನು ಮಾತಾಡ್ಲಿ? ಇನ್ನೊಂದು ಅಳುಕು: ನಾನೇ ಅತಿಗೆ ಹೋಗ್ತಿದೀನಾ?

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ ಕಡೆ

ನಮ್ಮ ಜಗಳ ಫಾರ್ವರ್ಡಿನದ್ದಲ್ಲ, ಗದ್ದೆಯದ್ದು. 1974ರ ಮಾರ್ಚ್ 1ಕ್ಕೆ ದೇವರಾಜ ಅರಸು ಸರ್ಕಾರದ, ಉಳುವ ಗೇಣಿದಾರನಿಗೇ ಭೂಮಿ ಕೊಡುವ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಾಗ ನಾನು ಹೈಸ್ಕೂಲು. ನಮ್ಮಪ್ಪ ಒಡೆಯರು, ನನ್ನ ಬೆಂಚಿನ ಗೆಳೆಯನ ಅಪ್ಪ ನಮ್ಮ ಗೇಣಿದಾರ. ಅವರು ಡಿಕ್ಲರೇಷನ್ ಹಾಕಿದರು, ಭೂನ್ಯಾಯಮಂಡಳಿಯಲ್ಲಿ ಎರಡೂವರೆ ಎಕರೆ ಅವರ ಹೆಸರಿಗಾಯಿತು. ಅಪ್ಪ ಸಾಯುವ ತನಕ ಅವರ ಮನೆ ಎದುರಿನ ದಾರಿ ತುಳಿಯಲಿಲ್ಲ. ನಾವಿಬ್ಬರು ಮಾತ್ರ ಶಾಲೆಗೆ ಒಂದೇ ಸಂಕ, ಅಂದರೆ ಹಳ್ಳದ ಮೇಲಿನ ಮರದ ಕಾಲುಸೇತುವೆ, ದಾಟಬೇಕಿತ್ತು, ಮಾತು ಬಿಡುವುದೆಲ್ಲಿಂದ? (ಮಳೆಗಾಲದ ಸಂಕ ಕಂಡವರಿಗೆ ಇದು ಅರ್ಥವಾದೀತು.)

ಮುಂದೆ ಅವನು ರೈತಸಂಘ ಸೇರಿ ಹಸಿರು ಶಾಲು ಹೊದ್ದ. ಕಾನೂನು ದೊಡ್ಡವರನ್ನೂ ಬಡ ಹಿಡುವಳಿದಾರರನ್ನೂ ಒಂದೇ ಕೋಲಲ್ಲಿ ಹೊಡೆಯಿತು ಅಂತ ನಾನು ಇವತ್ತಿಗೂ ವಾದಿಸುತ್ತೇನೆ. ಅವನು ಕೇಳುವುದು ಒಂದೇ: "ನಿಮ್ಮನೆ ಕೊಳಗ ನೆನಪಿದೆಯಾ ಮಾರಾಯ?" ನೆನಪಿದೆ. ಭತ್ತದ ಗೇಣಿ ಅಳೆಸಿಕೊಳ್ಳುವ ಕೊಳಗ ದೊಡ್ಡದು, ಬೀಜಕ್ಕೆ ಭತ್ತ ಅಳೆದು ಕೊಡುವ ಕೊಳಗ ಸಣ್ಣದು ಇತ್ತು ನಮ್ಮಲ್ಲಿ. ಅದನ್ನು ಬಾಯಿಬಿಟ್ಟು ಒಪ್ಪಲು ನನಗೆ ನಲವತ್ತು ವರ್ಷ ಹಿಡಿಯಿತು. ಒಪ್ಪಿದ ದಿನ ಅವನೂ ಒಂದು ಮಾತು ಬಿಟ್ಟುಕೊಟ್ಟ: ಪಕ್ಕದೂರಿನ ವಿಧವೆ ಅಜ್ಜಿಯ ಅರ್ಧ ಎಕರೆ ಹೋಗಬಾರದಿತ್ತು ಅಂತ. ವಾದ ಇನ್ನೂ ಮುಗಿದಿಲ್ಲ. ಅಡಿಕೆ ಕೊನೆಕೊಯ್ಲಿಗೆ ಅವನ ಮಗನೇ ನಮ್ಮನೆಗೆ ಜನ ಹೊಂದಿಸುವುದು.

ಉಡುಪಿ ಹುಡುಗಿ, ಈಗ ಬೆಂಗಳೂರು

ಮೇಷ್ಟ್ರ ಮಾತು ಚೆಂದ, ಆದ್ರೆ ಎಲ್ಲದಕ್ಕೂ ಹೊಂದಲ್ಲ ಸರ್. 2022ರ ಹಿಜಾಬ್ ಗಲಾಟೆ ಹೊತ್ತಿಗೆ ನಾನು ಡಿಗ್ರಿ ಓದ್ತಿದ್ದೆ, ಹಿಜಾಬ್ ಹಾಕ್ತಿದ್ದೆ. ಒಬ್ಬ ಗೆಳತಿ "ಯೂನಿಫಾರ್ಮ್ ಎಲ್ರಿಗೂ ಒಂದೇ ಇರ್ಲಿ" ಅಂದಳು. ಜಗಳ ಆಡಿದ್ವಿ, ಈಗ್ಲೂ ಆಡ್ತೀವಿ. ನಾನು ಕ್ಲಾಸಿಗೆ ಹೋಗದ ದಿನಗಳ ನೋಟ್ಸ್ ಮನೆಗೆ ತಂದುಕೊಟ್ಟವಳೂ ಅವಳೇ. ಇನ್ನೊಬ್ಬಳು ಮಾರ್ಚ್ 15ಕ್ಕೆ ಕ್ಲಾಸಲ್ಲಿ ಹಿಜಾಬ್ ನಿಷೇಧ ಸರಿ ಅಂತ ಹೈಕೋರ್ಟ್ ತೀರ್ಪು ಬಂದಾಗ "ಇನ್ನು ಇಲ್ಲಿಂದ ಜಾಗ ಖಾಲಿ ಮಾಡಿ" ಅಂತ ಸ್ಟೇಟಸ್ ಹಾಕಿದಳು. ಅವಳ ನಂಬರ್ ಅವತ್ತೇ ಡಿಲೀಟ್. ಒಂಚೂರೂ ಬೇಜಾರಿಲ್ಲ.

ಅಣ್ಣಾ, ನಿಮ್ಮ ಫ್ರೆಂಡ್ ಹಾಕಿದ ಫಾರ್ವರ್ಡ್ ಯಾವ ಥರದ್ದು ಅಂತ ನೀವು ಬರೆದೇ ಇಲ್ವಲ್ಲ?

ಸೇಲಂನಲ್ಲಿರುವ ಕನ್ನಡಿಗ

ಈ ಕಡೆ ಎಲ್ಲರೂ ಹೇಳುವ ಗೆಳೆಯರ ಜೋಡಿ ಕಾಂಗ್ರೆಸ್ಸಿನ ರಾಜಾಜಿ, ದ್ರಾವಿಡ ಚಳವಳಿಯ ಪೆರಿಯಾರ್. 1953ರಲ್ಲಿ ರಾಜಾಜಿ ತಂದ ಶಿಕ್ಷಣ ಯೋಜನೆಯನ್ನು ಕುಲಕಸುಬಿನ ಕಲಿಕೆ ಅಂತ ಪೆರಿಯಾರ್ ಬೀದಿಗಿಳಿದು ವಿರೋಧಿಸಿದರು. ಮುಂದಿನ ವರ್ಷ ರಾಜಾಜಿ ಮದ್ರಾಸ್ ಮುಖ್ಯಮಂತ್ರಿ ಪಟ್ಟ ಬಿಟ್ಟರು. 1972ರ ಡಿಸೆಂಬರಿನಲ್ಲಿ ರಾಜಾಜಿ ತೀರಿಕೊಂಡಾಗ 93ರ ಪೆರಿಯಾರ್ ಗಾಲಿಕುರ್ಚಿಯಲ್ಲಿ ಬಂದು ಅತ್ತರು. ಸ್ನೇಹ ಉಳಿಸಿಕೊಳ್ಳಲು ವಿರೋಧ ಸಡಿಲ ಮಾಡಬೇಕಿಲ್ಲ ಅಂತ ನನಗನ್ನಿಸಿದ್ದು ಇದರಿಂದ.

ಹೆಸರು ಬೇಡ

ಎರಡನೇ ಪ್ರಶ್ನೆಗೆ ಮಾತ್ರ ಉತ್ತರ. ಎಂಟು ವರ್ಷ ಒಂದು ಸಂಘಟನೆಯಲ್ಲಿದ್ದೆ, ಯಾವುದು ಅಂತ ಬೇಡ. ಒಂದು ರಾತ್ರಿ ಎದುರು ಬಣದ ಹುಡುಗನೊಬ್ಬನಿಗೆ ಆ್ಯಕ್ಸಿಡೆಂಟ್ ಆಗಿದೆ ಅಂತ ಮೆಸೇಜ್ ಬಂತು. ಖುಷಿಯಾಯ್ತು. ಬೆಳಿಗ್ಗೆ ಸುದ್ದಿ ಸುಳ್ಳು ಅಂತ ಗೊತ್ತಾದಾಗ ನಿರಾಸೆಯಾಯ್ತು. ಆ ನಿರಾಸೆಗೆ ಹೆದರಿ ಹೊರಗೆ ಬಂದೆ. ನಿಮಗೆ ಅಳುಕು ಅಂತಾದರೂ ಇದೆ, ನನಗೆ ಆಗ ಅದೂ ಇರಲಿಲ್ಲ.

ಕೇಳಿದವರು, ದಾವಣಗೆರೆ

ಉಡುಪಿ ತಂಗೀ, ಫಾರ್ವರ್ಡ್ ಗೃಹಲಕ್ಷ್ಮಿಯ 2,000 ರೂಪಾಯಿ ಬಗ್ಗೆ. ಪುಕ್ಕಟೆ ದುಡ್ಡಿಗೆ ಹೆಂಗಸರು ಸೋಮಾರಿಗಳಾದ್ರು ಅಂತಿತ್ತು. ನಮ್ಮವ್ವ ಆ ದುಡ್ಡಲ್ಲೇ ಬಿ.ಪಿ. ಮಾತ್ರೆ ತಗೋತಾಳೆ, ಅದಕ್ಕೇ ಉರಿದುಹೋಯ್ತು. ಅದನ್ನ ಹೇಳೋದು ಬಿಟ್ಟು ಬೈದೆ.

ನಿನ್ನೆ ಫೋನ್ ಮಾಡಿ ಅದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ನಮ್ಮವ್ವಂಗೂ ಬರ್ತತಿ ಬಿಡಲೇ" ಅಂದ. ಹಿಂದಿನ ದಿನಾನೇ ಬಾ, ಚಪ್ಪರಕ್ಕೆ ತೋರಣ ಕಟ್ಟೋಕೆ ಒಬ್ಬ ಬೇಕು, ಭಾಷಣ ಮಾತ್ರ ಮಾಡಬ್ಯಾಡ ಅಂದಿದಾನೆ.