ಅರಳಿ ಎಲೆಯ ಗಾಜು ಎರಡು ದಿನ ಬಿಟ್ಟು ಸೀಳುತ್ತಿದೆ: ಕರೆಂಟಿನ ತಪ್ಪೇ, ಬಳೆಯ ತಪ್ಪೇ?

ಹಿತ್ತಲಭಟ್ಟಿ, ಧಾರವಾಡ
ನಮಸ್ಕಾರ. ಚಿಕ್ಕದೊಂದು ವಿದ್ಯುತ್ ಭಟ್ಟಿಯಲ್ಲಿ ಗಾಜಿನ ಅರಳಿ ಎಲೆ ಮಾಡುತ್ತಿದ್ದೇನೆ. 3 ಮಿ.ಮೀ. ಕಿಟಕಿ ಗಾಜಿನ ಎರಡು ಪದರ, ನಡುವೆ ನರಗಳಾಗಿ ಹಸಿರು ಬಳೆಯ ಚೂರು. 820 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಹತ್ತು ನಿಮಿಷ, ಆಮೇಲೆ ಇಳಿಸಿ 550ರಲ್ಲಿ ಅರ್ಧ ಗಂಟೆ. ಹೊರತೆಗೆದಾಗ ಕಣ್ಣಿಗೆ ಹಬ್ಬ. ಎರಡು ದಿನದ ಮೇಲೆ, ಯಾರೂ ಮುಟ್ಟದೆಯೇ, ಕಪಾಟಿನೊಳಗೆ ಟಿಕ್ ಎಂದು ಸೀಳುತ್ತದೆ. ಏಳರಲ್ಲಿ ಐದು ಹೋದವು. ಬಳೆಗಳು ತಂಗಿಯ ಕುಬಸದಲ್ಲಿ ಉಳಿದವು, ಎಲೆಯೂ ಅವಳಿಗೇ. ಹಸಿರು ಬಳೆ ಒಡೆದೆನೆಂದು ಅವ್ವ ಬೈದದ್ದು ಬೇರೆ.

ಸುಡುಗಾಜು, ಹುಬ್ಬಳ್ಳಿ
ಅರ್ಧ ಗಂಟೆ ಸಾಲದು, ತಂಗೀ. ಆರು ಮಿ.ಮೀ. ದಪ್ಪಕ್ಕೆ 550ರಲ್ಲಿ ಒಂದು ಗಂಟೆ ಕೊಡಿ, ಅಲ್ಲಿಂದ 430ರವರೆಗೆ ಗಂಟೆಗೆ 60 ಡಿಗ್ರಿಯಂತೆ ಇಳಿಸಿ. ಆಮೇಲೆ ಸ್ವಿಚ್ ಆರಿಸಿ ಮುಚ್ಚಳ ಮುಟ್ಟಬೇಡಿ. ನಡುವೆ ಕರೆಂಟ್ ಹೋಗುತ್ತದೆಯೇ? ನನ್ನ ಸಣ್ಣ ಭಟ್ಟಿ ಕರೆಂಟ್ ಹೋದ ಹತ್ತು ನಿಮಿಷದಲ್ಲೇ ಸರ್ರನೆ ತಣಿದುಬಿಡುತ್ತದೆ. ಒಂದು ಮಳೆಗಾಲವಿಡೀ ನನ್ನ ತಟ್ಟೆಗಳು ಹೀಗೆಯೇ ಹೋಗಿದ್ದವು.

ತೊಟ್ಟು, ಗದಗ
ಅಣ್ಣಾ, ನೀವು ಎಲ್ಲದಕ್ಕೂ ಕರೆಂಟನ್ನೇ ಬೈಯುತ್ತೀರಿ. ಮೊದಲು ಬಿರುಕು ಯಾವ ದಾರಿ ಹಿಡಿದಿದೆ ಎಂದು ಕೇಳೋಣ. ಎಲೆಯನ್ನು ಅಡ್ಡ ಹಾಯ್ದು, ತುದಿಯಲ್ಲಿ ಕೊಕ್ಕೆಯಂತೆ ಬಾಗಿದೆಯೇ? ಅಥವಾ ನರದ ಅಂಚು ಹಿಡಿದು ಓಡಿದೆಯೇ?

ಹಿತ್ತಲಭಟ್ಟಿ
ನರದ ಪಕ್ಕದಲ್ಲೇ, ಅಕ್ಕಾ. ಐದರಲ್ಲೂ.

ತೊಟ್ಟು
ಹಾಗಾದರೆ ಬಳೆಯೇ. ಬಳೆಯ ಗಾಜಿನ ಪಾಕ ಬೇರೆ, ಕಿಟಕಿ ಗಾಜಿನ ಪಾಕ ಬೇರೆ. ಕಾದಾಗ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ತಣಿದಾಗ ಒಂದೇ ಪ್ರಮಾಣದಲ್ಲಿ ಕುಗ್ಗುವುದೂ ಇಲ್ಲ. 500 ಡಿಗ್ರಿಯ ಆಸುಪಾಸಿನಲ್ಲಿ ಗಾಜು ಬಿಗಿದುಕೊಳ್ಳುತ್ತದೆ. ಅಲ್ಲಿಂದ ಕೆಳಗೆ ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ಆ ಜಗ್ಗಾಟ ಒಳಗೇ ಉಳಿದು ಎರಡು ದಿನಕ್ಕೋ ಎರಡು ತಿಂಗಳಿಗೋ ಹೊರಬರುತ್ತದೆ. ಎಷ್ಟು ನಿಧಾನವಾಗಿ ತಣಿಸಿದರೂ ಇದು ಹೋಗದು.

ನನ್ನ ಮಾತನ್ನು ನಂಬಬೇಡಿ, ನೋಡಿಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಬಿಳಿ ಪರದೆ ತೆರೆದು ಉಳಿದಿರುವ ಎಲೆಯನ್ನು ಅದರೆದುರು ಹಿಡಿಯಿರಿ. ಪೋಲರಾಯ್ಡ್ ತಂಪು ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸುತ್ತಾ ಅದರ ಮೂಲಕ ನೋಡಿ. ಒತ್ತಡವಿರುವ ಕಡೆ ಮಾತ್ರ ಗಾಜು ಬೆಳಗುತ್ತದೆ. ಜೊತೆಗೆ ಬಳೆಯಿಲ್ಲದ ಖಾಲಿ ಎಲೆಯೊಂದನ್ನು ಅದೇ ಲೆಕ್ಕದಲ್ಲಿ ಸುಟ್ಟು ಹೋಲಿಸಿ.

ಹಿತ್ತಲಭಟ್ಟಿ (ನಾಲ್ಕು ದಿನದ ನಂತರ)
ಕನ್ನಡಕ ಭಾವನದು, ಕೇಳಿ ತಂದೆ. ಬಳೆಯ ಎಲೆಯಲ್ಲಿ ಪ್ರತಿ ಚೂರಿನ ಸುತ್ತಲೂ ಬೆಳ್ಳನೆಯ ಅಂಚು, ಹುಣ್ಣಿಮೆಯ ಚಂದ್ರನ ಸುತ್ತ ಕಣ ಕಟ್ಟಿದಂತೆ. ಖಾಲಿ ಎಲೆಯ ನಡುಭಾಗ ಪೂರ್ತಿ ಕಪ್ಪು, ತೊಟ್ಟಿನ ಬಳಿ ಮಾತ್ರ ಮಸುಕು ಬೆಳಕು.

ಸುಡುಗಾಜು
ಆ ಮಸುಕು ನನ್ನ ಪಾಲಿನದು! ಒಂದು ಗಂಟೆ ಕೊಡಿ, ಅದೂ ಹೋಗುತ್ತದೆ. ಬಳೆಯ ವಿಷಯದಲ್ಲಿ ಗದಗಿನ ಅಕ್ಕ ಗೆದ್ದರು. ಇನ್ನು ಹಸಿರು ಬೀರು ಬಾಟಲಿ ಒಡೆದು ಹಾಕಬೇಡಿ, ನಾನು ಹಾಕಿ ನೋಡಿದ್ದೇನೆ, ಅದೇ ಕಥೆ.

ತೊಟ್ಟು
ಒಂದೇ ಹಾಳೆಯಿಂದ ಕತ್ತರಿಸಿದ ಗಾಜನ್ನೇ ಎರಡೂ ಪದರಕ್ಕೆ ಬಳಸಿ. ನರಕ್ಕೆ ಕಾಗದದಷ್ಟು ತೆಳುವಾದ ತಾಮ್ರದ ತಗಡು ಕತ್ತರಿಸಿ ಇಡಿ. ಅದು ಮೆತ್ತಗಿರುವುದರಿಂದ ಗಾಜು ಜಗ್ಗಿದತ್ತ ಒಗ್ಗಿಕೊಳ್ಳುತ್ತದೆ. ದಪ್ಪ ತಂತಿ ಬೇಡ, ಮತ್ತೆ ಸೀಳುತ್ತದೆ. ಬಣ್ಣ ಹಸಿರು ಬರುವುದಿಲ್ಲ, ಗಾಳಿ ಸಿಕ್ಕಷ್ಟು ಕೆಂಪೋ ನೀಲಿಯೋ ಆಗುತ್ತದೆ. ಆದರೆ ಅರಳಿಯ ಚಿಗುರು ಕೆಂಪೇ ಅಲ್ಲವೇ? ಬಳೆ ಇನ್ನೂ ಉಳಿದಿವೆಯೇ?

ಹಿತ್ತಲಭಟ್ಟಿ
ನಾಲ್ಕು ಉಳಿದಿವೆ, ಇಡಿಯಾಗಿ.

ತೊಟ್ಟು
ಒಡೆಯಬೇಡಿ, ಭಟ್ಟಿಗೂ ಹಾಕಬೇಡಿ. ಒಂದು ಬಳೆಯನ್ನು ಮೊಳೆಗೆ ಸಿಕ್ಕಿಸಿ, ಎಲೆಯನ್ನು ದಾರದಿಂದ ಅದಕ್ಕೆ ತೂಗುಹಾಕಿ.

ಹಿತ್ತಲಭಟ್ಟಿ
ಮೂರು ವಾರವಾಯಿತು. ತಾಮ್ರದ ನರದ ಎರಡು ಎಲೆಗಳೂ ಗಟ್ಟಿಯಾಗಿವೆ, ಕನ್ನಡಕದಲ್ಲಿ ತಗಡಿನ ಅಂಚಿಗೆ ಸಣ್ಣ ಮಿನುಗು ಮಾತ್ರ. ಬಳೆಗೆ ತೂಗುಹಾಕಿದ್ದನ್ನು ಅವ್ವನಿಗೆ ತೋರಿಸಿದೆ. ಎಲೆಯನ್ನು ನೋಡಲೇ ಇಲ್ಲ, ಬಳೆ ಒಡೆದಿಲ್ಲವಷ್ಟೇ ಎಂದಳು.